ಹಾಜರಿ ಪುಸ್ತಕದ ಹನ್ನೊಂದು ಹೆಸರು

"ಕೂಗಬೇಡ," ಎಂದ.

ನಾನು ಕೂಗಲಿಲ್ಲ.

ಅವನ ತೊಡೆಯ ಮೇಲೆ ನ್ಯೂಸ್‌ಪೇಪರ್. ಪೇಪರಿನ ಕೆಳಗೆ ಬಲಗೈ. ಅಂಚಿನಿಂದ ಅರ್ಧ ಇಂಚು ಕರಿ ಕಬ್ಬಿಣ ಹೊರಗೆ ಇಣುಕಿ ನನ್ನ ಹೊಟ್ಟೆಯನ್ನೇ ನೋಡುತ್ತಿತ್ತು!

ನವೆಂಬರ್ 1998. ಬೆಳಿಗ್ಗೆ ಹನ್ನೊಂದು ಗಂಟೆ. ಲಂಡನ್ನಿನ ನಾರ್ದರ್ನ್ ಲೈನಿನ ಟ್ಯೂಬ್ ರೈಲು ಎಜ್‌ವೇರ್ ಕಡೆ ಓಡುತ್ತಿತ್ತು. ಅದೇ ಕೊನೆಯ ಸ್ಟೇಷನ್. ಆ ಹೊತ್ತಿನಲ್ಲಿ ಆ ಕಡೆಗೆ ಯಾರು ಹೋಗುತ್ತಾರೆ ಹೇಳಿ? ಬೋಗಿಯಲ್ಲಿ ನಾವಿಬ್ಬರೇ...

ಐವತ್ತರ ಆಸುಪಾಸಿನ ಮನುಷ್ಯ. ಎತ್ತರ. ದಪ್ಪ. ಸೆಕ್ಯುರಿಟಿ ಗಾರ್ಡ್ ಯೂನಿಫಾರ್ಮ್. ಇಂಗ್ಲಿಷಿನಲ್ಲಿ ಬಹಳ ಮೆತ್ತಗೆ ಮಾತಾಡುತ್ತಿದ್ದ. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ.

"ಮೇಷ್ಟ್ರ ಅಡ್ರೆಸ್ ಕೊಡು."

"ಯಾವ ಮೇಷ್ಟ್ರು?"

"ಇಥಿಯೋಪಿಯಾದಲ್ಲಿ ಗಣಿತ ಹೇಳಿಕೊಟ್ಟ ಇಂಡಿಯನ್. ಶೇಷಾದ್ರಿ. ಅವನನ್ನು ಹುಡುಕಲು ಹಿರುತ್ ಅನ್ನುವವಳು ನಿನ್ನನ್ನು ಗೊತ್ತುಮಾಡಿದ್ದಾಳೆ. ಅವನು ನಿನಗೆ ಸಿಕ್ಕಿದ್ದಾನೆ. ಇಲ್ಲದಿದ್ದರೆ ನೀನು ಈ ಟ್ರೇನಿನಲ್ಲಿ ಯಾಕಿರುತ್ತಿದ್ದೆ?"

ತಲೆ ಇತ್ತು ಆಸಾಮಿಗೆ.

"ಸಿಕ್ಕರೆ ಏನು ಮಾಡುತ್ತೀಯ?"

"ಅವನ ಹತ್ತಿರ ಒಂದು ಪುಸ್ತಕ ಇದೆ. ಅದರಲ್ಲಿ ನನ್ನ ಸಹಿ ಇದೆ."

"ಪುಸ್ತಕ ಸಿಕ್ಕರೆ ಸಾಕಾ?"

ಅವನು ನಕ್ಕ. "ಅದು ಯಾರ ಸಹಿ ಅಂತ ಹೇಳಬಲ್ಲವನೂ ಇರಬಾರದು."

ಟ್ರೇನು ಬರ್ನ್ಟ್ ಓಕ್ ಸ್ಟೇಷನ್ನಿನಲ್ಲಿ ನಿಂತಿತು. ಎಜ್‌ವೇರ್‌ಗಿಂತ ಒಂದು ಸ್ಟೇಷನ್ ಮೊದಲು. ಬಾಗಿಲು ತೆರೆಯಿತು. ಯಾರೂ ಹತ್ತಲಿಲ್ಲ. ಯಾರೂ ಇಳಿಯಲಿಲ್ಲ. ನಾನು ಅಲುಗಾಡದೆ ಕೂತಿದ್ದೆ. ಒಂದು... ಎರಡು... ಮೂರು... ಬಾಗಿಲು ಮುಚ್ಚುವ ಸದ್ದು ಬಂತು.

ಹಾರಿದೆ!

ಅವನ ಎಡಗೈ ನನ್ನ ಕೋಟಿಗೆ ಬಿತ್ತು. ನಾನು ಎರಡೂ ತೋಳು ಹಿಂದಕ್ಕೆ ಚಾಚಿ ಕೋಟನ್ನು ಅವನಿಗೇ ಬಿಟ್ಟೆ. ಬಾಗಿಲು ಮುಚ್ಚಿತು. ನಾನು ಪ್ಲಾಟ್‌ಫಾರ್ಮ್ ಮೇಲೆ ಅಂಗಾತ. ಕೋಟು ಒಳಗೆ.

ಆಮೇಲೆ ನೆನಪಾಯಿತು...

ಕೋಟಿನಲ್ಲಿ ನನ್ನ ಮೊಬೈಲ್ ಇತ್ತು. ಅಡ್ರೆಸ್ ಬರೆದ ಚೀಟಿಯೂ ಇತ್ತು. ಬೀದಿಯ ಹೆಸರು, ಮನೆ ನಂಬರು ಎಲ್ಲ ಕನ್ನಡದಲ್ಲಿ, ಕನ್ನಡದ ಅಂಕಿಯಲ್ಲಿ. ಅದು ನನ್ನ ಹಳೆಯ ಅಭ್ಯಾಸ. ಆದರೆ ಪೋಸ್ಟ್‌ಕೋಡ್ ಮಾತ್ರ ಇಂಗ್ಲಿಷಿನಲ್ಲಿ ಬರೆದಿದ್ದೆ. ಈ ದೇಶದಲ್ಲಿ ಪೋಸ್ಟ್‌ಕೋಡ್ ಸಿಕ್ಕರೆ ಬೀದಿ ಸಿಕ್ಕಂತೆ!

ಓಡಿದೆ.

ನಾನು ಯಾರು ಅಂತ ಹೇಳಲಿಲ್ಲ ಅಲ್ಲವೇ? ವೀರಣ್ಣ. ಧಾರವಾಡದವನು. ಹತ್ತು ವರ್ಷ ಹೀಥ್ರೋದಲ್ಲಿ ಸೂಟ್‌ಕೇಸು ಎತ್ತಿದೆ. ಬೆನ್ನು ಹೋಯಿತು. ಈಗ ಕಳೆದುಹೋದವರನ್ನು ಹುಡುಕಿಕೊಡುತ್ತೇನೆ. ಫೆಲ್ಥಮ್‌ನಲ್ಲಿ ಒಂದು ರೂಮಿನ ಫ್ಲಾಟು. ಹೆಂಡತಿ ಬಿಟ್ಟುಹೋಗಿ ಆರು ವರ್ಷ. ಅವಳೊಬ್ಬಳನ್ನು ನಾನು ಹುಡುಕಲಿಲ್ಲ. ಎಲ್ಲಿದ್ದಾಳೆ ಅಂತ ಗೊತ್ತಿತ್ತು.

ನಾಲ್ಕು ದಿನದ ಹಿಂದೆ ಹಿರುತ್ ನನ್ನ ಫ್ಲಾಟಿಗೆ ಬಂದಿದ್ದಳು. ಇಲ್ಫರ್ಡ್‌ನಲ್ಲಿ ವೃದ್ಧರ ಆರೈಕೆಯ ಕೆಲಸ. ನಲವತ್ತರ ಹತ್ತಿರದ ಹೆಂಗಸು. ಬೂದುಬಣ್ಣದ ಸ್ಕಾರ್ಫ್. ಒಂದು ಗಂಟೆ ಕೂತಳು, ಸ್ಕಾರ್ಫ್ ಬಿಚ್ಚಲಿಲ್ಲ.

"ನನ್ನ ಗಣಿತದ ಮೇಷ್ಟ್ರು. ಆಡಿಸ್ ಅಬಾಬಾದ ಶಾಲೆಯಲ್ಲಿದ್ದರು. ಬೆಂಗಳೂರಿನ ಕಡೆಯವರು. ಲಂಡನ್‌ಗೆ ಬಂದರು ಅಂತ ಕೇಳಿದ್ದೆ."

"ಸಿಕ್ಕರೆ ಏನು ಹೇಳಬೇಕು?"

"ಥ್ಯಾಂಕ್ಸ್ ಹೇಳಬೇಕು."

ಸುಳ್ಳು. ಬರೀ ಥ್ಯಾಂಕ್ಸ್ ಹೇಳಲು ಯಾರೂ ದುಡ್ಡು ಕೊಟ್ಟು ಹುಡುಕಿಸುವುದಿಲ್ಲ. ಆದರೂ ನಾನು ಏನೂ ಕೇಳಲಿಲ್ಲ. ಆ ವಾರ ನನ್ನ ಮನೆಗೆ ಬಂದ ಮೊದಲ ವ್ಯಕ್ತಿ ಅವಳು.

ಹುಡುಕುವುದು ಕಷ್ಟವಾಗಲಿಲ್ಲ. ಲಂಡನ್ನಿನ ಕನ್ನಡ ಬಳಗದವರು ವರ್ಷಕ್ಕೊಂದು ಸಂಚಿಕೆ ತರುತ್ತಾರೆ. ಅದರ ಕೊನೆಯ ಪುಟದಲ್ಲಿ ಒಂದು ಗಣಿತದ ಸಮಸ್ಯೆ. ಕೆಳಗೆ "ಶೇಷಾದ್ರಿ" ಅಂತ ಹೆಸರು. ಸಂಚಿಕೆಗಳನ್ನು ಪೋಸ್ಟ್ ಮಾಡುವವಳು ವಿಜಯಪುರದ ಶಿವಕ್ಕ. ಫೋನ್ ಮಾಡಿದೆ.

"ಏನೋ ವೀರಣ್ಣ! ಬದುಕಿ ಅದೀಯೇನು? ಮೂರ್ ವರ್ಷ ಆತು, ಮುಖ ತೋರ್ಸಿಲ್ಲ."

"ಬದುಕೀನಿ ಶಿವಕ್ಕ. ಒಂದ್ ಅಡ್ರೆಸ್ ಬೇಕಾಗಿತ್ತು."

"ಊಟಕ್ಕ ಕರದ್ರ ಬರಂಗಿಲ್ಲ, ಅಡ್ರೆಸ್ ಬೇಕಂದ್ರ ಫೋನ್ ಮಾಡ್ತಿ. ಬರ್ಕೋ... ಪಾಪ, ಆ ಮುದುಕನೂ ನಿನ್ನಂಗ. ಲೆಕ್ಕದ ಕಾಗದ ಕಳಸ್ತಾನ, ಒಂದ್ ಸಲನೂ ಬಂದಿಲ್ಲ."

ಇಷ್ಟೇ. ನಾನು ಆ ಟ್ರೇನು ಹತ್ತಿದ್ದು ಹೀಗೆ. ಆ ಸೆಕ್ಯುರಿಟಿ ಗಾರ್ಡ್ ಹಿಂದೆ ಬಿದ್ದದ್ದು ಹೇಗೆ ಅಂತ ಆಮೇಲೆ ಗೊತ್ತಾಯಿತು. ಹಿರುತ್ ಮೊದಲು ತಮ್ಮ ಚರ್ಚಿನ ಬೋರ್ಡಿನಲ್ಲಿ ಮೇಷ್ಟ್ರ ಹೆಸರು ಬರೆದು ಅಂಟಿಸಿದ್ದಳು. ಅವನು ಅದನ್ನು ಓದಿದ್ದ. ಅಂದಿನಿಂದ ಅವಳ ಹಿಂದೆ... ಆಮೇಲೆ ನನ್ನ ಹಿಂದೆ!

ಬರ್ನ್ಟ್ ಓಕ್ ಸ್ಟೇಷನ್ನಿನ ಎದುರು ಮಿನಿಕ್ಯಾಬ್ ಹಿಡಿದೆ. ಕೋಟಿಲ್ಲದ ಮೈ ಗಡಗಡ ನಡುಗುತ್ತಿತ್ತು. ಡ್ರೈವರ್ ಕನ್ನಡಿಯಲ್ಲಿ ನೋಡಿ ಹೀಟರ್ ಹಾಕಿದ. ಏಳು ನಿಮಿಷದಲ್ಲಿ ಬೀದಿ ಬಂತು. ಒಂದು ಬದಿಗೆ ಏಳು ಮನೆ, ಇನ್ನೊಂದು ಬದಿಗೆ ಏಳು. ಕತ್ತರಿಸಿದ ಬೇಲಿ, ತೊಳೆದ ಕಾರು. ಮನುಷ್ಯರ ಸುಳಿವಿಲ್ಲ. ಎಡಬದಿಯ ಐದನೆಯ ಮನೆಯ ನೆಲಮಹಡಿ.

ಬಾಗಿಲು ಬಡಿದೆ. ಉತ್ತರ ಇಲ್ಲ. ಲೆಟರ್‌ಬಾಕ್ಸಿನ ಸಂದಿಯಿಂದ ಕೂಗಿದೆ.

"ಸರ! ಬಾಗಲಾ ತಗೀರಿ! ನಾ ಧಾರವಾಡದಾಂವ!"

ತಕ್ಷಣ ತೆರೆಯಿತು.

ಸಣಕಲು ಮನುಷ್ಯ. ಎಪ್ಪತ್ತು ದಾಟಿರಬೇಕು. ಮನೆಯೊಳಗೇ ಟೈ ಕಟ್ಟಿಕೊಂಡಿದ್ದರು.

"ಕನ್ನಡದಲ್ಲಿ ಬಾಗಿಲು ತಟ್ಟಿದೋರು ನೀವೇ ಮೊದಲು," ಎಂದರು. ಅಪ್ಪಟ ಮೈಸೂರಿನ ಮಾತು. "ಬನ್ನಿ, ಕೂತ್ಕೊಳಿ. ಕಾಫಿ ಬೆರೆಸ್ತೀನಿ."

"ಕಾಫಿ ಬ್ಯಾಡ್ರಿ ಸರ! ಒಬ್ಬಾಂವ ಗನ್ ಹಿಡ್ಕೊಂಡ್ ಬರಾಕತ್ತಾನ್ರಿ!"

"ಗಿರ್ಮಾನಾ?"

ಪೋಸ್ಟ್‌ಮ್ಯಾನ್ ಬಂದನಾ ಅಂತ ಕೇಳುವ ಹಾಗೆ ಕೇಳಿದರು! ನಾನು ತಬ್ಬಿಬ್ಬಾದೆ.

"ಪೊಲೀಸಿಗೆ ಫೋನ್ ಮಾಡೋಣ್ರಿ. ಫೋನ್ ಎಲ್ಲಿ?"

"ತೆಗೆಸಿಬಿಟ್ಟೆ. ಎರಡು ವರ್ಷ ಆಯ್ತು. ಯಾರೂ ಮಾಡ್ತಿರ್ಲಿಲ್ಲ."

"ಹಿತ್ತಲ ಕಡೆಯಿಂದ ಹೋಗೂಣು..."

"ಆರಡಿ ಬೇಲಿ ಇದೆ. ನನ್ನ ಮಂಡಿ ಹತ್ತೊಲ್ಲ. ನೀವು ಬೇಕಾದ್ರೆ ಹೋಗಿ."

ಹೋಗಬಹುದಿತ್ತು. ಅಡ್ರೆಸ್ ಕಳೆದುಕೊಂಡು ಬಂದವನು ನಾನು. ಹೋಗಲಿಲ್ಲ. ನೆಟ್ ಕರ್ಟನ್ ಸರಿಸಿ ಹೊರಗೆ ನೋಡಿದೆ.

ಬೀದಿಯ ತುದಿಯಲ್ಲಿ ಯೂನಿಫಾರ್ಮ್ ಕಾಣಿಸಿತು. ನನ್ನ ಕೋಟು ಅವನ ತೋಳಿನ ಮೇಲೆ! ಮೊದಲನೆಯ ಮನೆಯ ಗೇಟು ತೆರೆದ. ಬೆಲ್ ಒತ್ತಿದ. ಕ್ಯಾಪ್ ಸರಿಮಾಡಿಕೊಂಡು ವಿನಯದಿಂದ ನಿಂತ.

ಮೇಷ್ಟ್ರು ಅಲಮಾರಿನಿಂದ ಒಂದು ಉದ್ದನೆಯ ಪುಸ್ತಕ ತಂದು ಮೇಜಿನ ಮೇಲಿಟ್ಟರು. ನೀಲಿ ರಟ್ಟು. ಶಾಲೆಯ ಹಾಜರಿ ಪುಸ್ತಕ.

"ಅವನು ಕೇಳೋದು ಇದನ್ನೇ. ಎಪ್ಪತ್ತೊಂಬತ್ತರಲ್ಲಿ ನಾನು ಆ ದೇಶ ಬಿಡೋವಾಗ ಕದ್ದು ತಂದೆ. ನಾನು ಹೋದಾಗ ಅಲ್ಲಿ ಚಕ್ರವರ್ತಿ ಇದ್ದ ಕಣ್ರೀ. ಅವನ ಸೈನ್ಯಕ್ಕೆ ಅಮೆರಿಕದೋರು ಕೊಟ್ಟ ಬಂದೂಕು, ನನ್ನ ಮಕ್ಕಳಿಗೆ ಅಮೆರಿಕದೋರು ಕೊಟ್ಟ ಲೆಕ್ಕದ ಪುಸ್ತಕ. ಪಕ್ಕದ ಸೊಮಾಲಿಯಾದಲ್ಲಿ ರಷ್ಯಾದೋರು. ಆಮೇಲೆ ಸೈನ್ಯದೋರು ಚಕ್ರವರ್ತೀನ ಇಳಿಸಿದ್ರು. ಎಪ್ಪತ್ತೇಳರಲ್ಲಿ ಇಬ್ರು ದೊಡ್ಡೋರೂ ಮನೆ ಬದಲಾಯಿಸ್ಕೊಂಡ್ರು. ರಷ್ಯಾದೋರು ನಮ್ಮ ಕಡೆ ಬಂದ್ರು, ಅಮೆರಿಕದೋರು ಸೊಮಾಲಿಯಾ ಕಡೆ ತಿರುಗಿದ್ರು. ಮಕ್ಕಳು ಮಾತ್ರ ಇದ್ದಲ್ಲೇ ಇದ್ರು."

ಹೊರಗೆ ಗಿರ್ಮಾ ಎರಡನೆಯ ಮನೆಗೆ ಹೋದ. ಮುದುಕಿಯೊಬ್ಬಳು ಬಾಗಿಲು ತೆರೆದು ತಲೆಯಾಡಿಸಿದಳು.

"ಜಲ್ದಿ ಹೇಳ್ರಿ ಸರ!"

"ಸೈನಿಕರ ಸರ್ಕಾರ ಬೇಡ ಅಂತ ಮಕ್ಕಳು ಒಂದಿನ ಮೆರವಣಿಗೆ ಹೋದ್ರು. ಮಾರನೇ ದಿನ ಆ ಸರ್ಕಾರದ ಆಫೀಸರ್ ಈ ಗಿರ್ಮಾ ನನ್ನ ಕ್ಲಾಸಿಗೆ ಬಂದ. ನಿನ್ನೆ ಯಾರ್ಯಾರು ಗೈರುಹಾಜರು, ಅಂದ. ನಾನು ಪುಸ್ತಕ ಕೊಟ್ಟೆ."

ಪುಸ್ತಕ ತೆರೆದು ಒಂದು ಪುಟದ ಮೇಲೆ ಬೆರಳಿಟ್ಟರು.

"ಹನ್ನೊಂದು ಹೆಸರಿಗೆ ಕೆಂಪು ಇಂಕಿನಲ್ಲಿ ಟಿಕ್ ಹಾಕ್ದ. ಕೆಳಗೆ ಸಹಿ ಮಾಡಿ ವಾಪಸ್ ಕೊಟ್ಟ. ಥ್ಯಾಂಕ್ಯೂ ಅಂದ. ಅವತ್ತೇ ಹನ್ನೊಂದು ಜನಾನೂ ಮನೆಯಿಂದ ಎಳ್ಕೊಂಡು ಹೋದ್ರು. ಏಳು ಜನರ ಹೆಣ ರಸ್ತೇಲಿ ಸಿಕ್ತು. ನಾಲ್ಕು ಜನರದ್ದು ಇವತ್ತಿಗೂ ಇಲ್ಲ."

"ಹೆದರಿ ಕೊಟ್ರಿ. ಯಾರಾದ್ರೂ ಕೊಡ್ತಿದ್ರು."

"ಹೆದರಿದ್ದೆ ಅಂತ ನಾನೂ ಇಷ್ಟು ವರ್ಷ ಹೇಳ್ಕೊಂಡಿದೀನಿ." ಮೇಷ್ಟ್ರು ನನ್ನ ಕಣ್ಣನ್ನೇ ನೋಡಿದರು. "ನಿಜ ಹೇಳ್ಬೇಕಂದ್ರೆ ಅವತ್ತು ಹೆದರಿಕೇನೂ ಇರ್ಲಿಲ್ಲ. ರೆಜಿಸ್ಟರ್ ಕೇಳಿದ್ರು, ಕೊಟ್ಟೆ. ಅಷ್ಟೇ. ಎರಡು ನಿಮಿಷ ಯೋಚನೆ ಮಾಡ್ಲಿಲ್ಲ."

ನಾನು ಮತ್ತೆ ಕರ್ಟನ್ ಸಂದಿಗೆ ಕಣ್ಣಿಟ್ಟೆ.

"ಮಾರನೇ ದಿನದಿಂದ ವರ್ಷ ಮುಗಿಯೋವರೆಗೂ ಆ ಹನ್ನೊಂದು ಜನಕ್ಕೂ ಹಾಜರಿ ಹಾಕ್ತಾ ಹೋದೆ. ನೋಡಿ."

ಪುಟ ತಿರುಗಿಸಿದರು. ಒಂದೇ ಒಂದು ಸಾಲು ಖಾಲಿ ಇರಲಿಲ್ಲ. ಸತ್ತವರೆಲ್ಲ ದಿನಾ ಶಾಲೆಗೆ ಬಂದಿದ್ದರು!

ಮೂರನೆಯ ಮನೆ. ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ಮನೆ. ಕರ್ಟನ್ ಅಲುಗಾಡಿತು, ಬಾಗಿಲು ತೆರೆಯಲಿಲ್ಲ.

ನಮ್ಮ ಗೇಟು ಕಿರುಗುಟ್ಟಿತು.

ನಾನು ಕೈಗೆ ಏನಾದರೂ ಸಿಗುತ್ತದಾ ಅಂತ ಅಡುಗೆಮನೆಗೆ ಹಾರಿದೆ. ಒಲೆಯ ಮೇಲೆ ಹಾಲು ಕುದಿಯುತ್ತಿತ್ತು. ಬೇಡವೆಂದರೂ ಕಾಫಿಗೆ ಇಟ್ಟಿದ್ದರು! ಪಾತ್ರೆ ಎತ್ತಿಕೊಂಡು ಬಾಗಿಲ ಮರೆಗೆ ನಿಂತೆ.

"ಬಾಗಲಾ ತಗೀಬ್ಯಾಡ್ರಿ!" ಎಂದು ಪಿಸುಗುಟ್ಟಿದೆ.

"ಅವನು ಒದ್ದು ಮುರಿದ್ರೆ, ಮನೆ ಕೊಟ್ಟಿರೋ ಕೌನ್ಸಿಲ್‌ನೋರು ರಿಪೇರಿಗೆ ಆರು ತಿಂಗಳು ತಗೋತಾರೆ," ಎಂದು ಮೇಷ್ಟ್ರು ತೆರೆದೇಬಿಟ್ಟರು.

ಗಿರ್ಮಾ ಒಳಗೆ ಬಂದ. ನನ್ನ ಕೋಟನ್ನು ಕುರ್ಚಿಯ ಮೇಲೆ ನೀಟಾಗಿ ಹಾಕಿದ. ಗನ್ ಈಗ ಪೇಪರಿನ ಕೆಳಗೆ ಇರಲಿಲ್ಲ.

"ಮಿಸ್ಟರ್ ಶೇಷಾದ್ರಿ. ಮುದುಕರಾದಿರಿ."

"ನೀನು ದಪ್ಪಗಾದೆ."

"ಪುಸ್ತಕ."

"ಮೇಜಿನ ಮೇಲಿದೆ. ಹದಿನೇಳನೆಯ ಪುಟ."

ಗಿರ್ಮಾ ಪುಟ ತೆರೆದ. ಬಹಳ ಹೊತ್ತು ನೋಡಿದ. ಅವನ ತುಟಿ ಅಲುಗಾಡುತ್ತಿತ್ತು. ಹೆಸರುಗಳನ್ನು ಓದಿಕೊಳ್ಳುತ್ತಿದ್ದ ಅಂತ ಕಾಣುತ್ತದೆ.

"ನನಗೆ ಆಗ ಇಪ್ಪತ್ತಾರು," ಎಂದ. "ಅಮೆರಿಕದವರು ಕರೆದುಕೊಂಡು ಹೋಗಿ ರೇಡಿಯೋ ಕಲಿಸಿದರು. ಆಮೇಲೆ ಪೂರ್ವ ಜರ್ಮನಿಯವರು ಕರೆದುಕೊಂಡು ಹೋಗಿ ಪ್ರಶ್ನೆ ಕೇಳುವುದನ್ನು ಕಲಿಸಿದರು. ಇಬ್ಬರೂ ಸರ್ಟಿಫಿಕೇಟ್ ಕೊಟ್ಟರು. ಇಬ್ಬರೂ ಬೆನ್ನು ತಟ್ಟಿದರು. ಈಗ ಎಲ್ಲರ ಜಗಳ ಮುಗಿದಿದೆ. ನನ್ನನ್ನು ಒಬ್ಬನನ್ನೇ ಯಾಕೆ ಹುಡುಕುತ್ತಾರೆ?"

"ಹುಡುಕಬೇಕಾದವರು ಇಬ್ಬರು," ಎಂದರು ಮೇಷ್ಟ್ರು. "ನಾನೂ ಇದ್ದೇನೆ."

ಗಿರ್ಮಾ ಗನ್ ಎತ್ತಿದ.

ಹಾಲು ಎರಚಿದೆ!

ಅವನು ಕಿರುಚಿದ. ಢಂ! ಗುಂಡು ಮೇಲೆ ಹೋಯಿತು. ಸೀಲಿಂಗಿನ ಸುಣ್ಣ ಉದುರಿತು. ನಾನು ತಲೆ ತಗ್ಗಿಸಿ ಅವನ ಹೊಟ್ಟೆಗೆ ನುಗ್ಗಿದೆ. ಇಬ್ಬರೂ ನೆಲಕ್ಕೆ. ಅವನ ಮೊಣಕೈ ನನ್ನ ಮೂಗಿಗೆ. ನನ್ನ ಮಂಡಿ ಅವನ ಮಣಿಕಟ್ಟಿಗೆ. ಗನ್ ಜಾರಿ ಸೋಫಾದ ಅಡಿಗೆ ಹೋಯಿತು. ಬಲ ಅವನದೇ ಜಾಸ್ತಿ, ಸುಳ್ಳು ಹೇಳುವುದಿಲ್ಲ. ಆದರೆ ಕಣ್ಣಿಗೆ ಬಿಸಿ ಹಾಲು ಬಿದ್ದವನು ಎಷ್ಟು ಹೊತ್ತು ಗುದ್ದಾಡಿಯಾನು? ಕೊನೆಗೆ ನಾನು ಅವನ ಬೆನ್ನ ಮೇಲೆ ಕೂತಿದ್ದೆ. ಮೂಗಿನಿಂದ ರಕ್ತ ಸುರಿಯುತ್ತಿತ್ತು.

ಆಗ ಪೊಲೀಸರು ಒಳಗೆ ನುಗ್ಗಿದರು. ಇಬ್ಬರು.

ಯಾರು ಕರೆದದ್ದು ಅಂತೀರಾ? ನಾಲ್ಕನೆಯ ಮನೆಯ ಕರ್ಟನ್! ಗನ್ ಯಾರೂ ನೋಡಿರಲಿಲ್ಲ. ಅಂಥ ಬೀದಿಯಲ್ಲಿ ಒಬ್ಬ ಕಪ್ಪು ಮನುಷ್ಯ ಮೂರು ಮನೆ ಬಾಗಿಲು ಬಡಿದರೆ ನಾಲ್ಕನೆಯವರು ಫೋನ್ ಎತ್ತುತ್ತಾರೆ. ಯೂನಿಫಾರ್ಮ್ ಹಾಕಿದ್ದರೂ ಅಷ್ಟೇ. ನ್ಯಾಯ ಅಲ್ಲ... ಆದರೆ ಅವತ್ತು ನಮ್ಮ ಜೀವ ಉಳಿಸಿದ್ದು ಅದೇ.

ಪೊಲೀಸರು ಮೊದಲು ಕೈಕೋಳ ಹಾಕಿದ್ದು ಯಾರಿಗೆ ಗೊತ್ತೇ? ನನಗೆ! ಯೂನಿಫಾರ್ಮಿನವನ ಮೇಲೆ ಕೂತಿದ್ದೆನಲ್ಲ.

ಸಂಜೆಯ ಹೊತ್ತಿಗೆ ಬಿಟ್ಟರು. ಮಾರನೆಯ ದಿನ ಮಧ್ಯಾಹ್ನ ಹಿರುತ್‌ಳನ್ನು ಕರೆದುಕೊಂಡು ಎಜ್‌ವೇರ್‌ಗೆ ಹೋದೆ. ಪುಸ್ತಕ ಪೊಲೀಸರ ವಶದಲ್ಲಿತ್ತು. ಮೇಷ್ಟ್ರು ಅದೇ ಟೈ ಕಟ್ಟಿಕೊಂಡು ಸುಣ್ಣದ ಚೂರು ಗುಡಿಸುತ್ತಿದ್ದರು. ಅವಳನ್ನು ನೋಡಿದ್ದೇ ಪೊರಕೆ ಕೆಳಗಿಟ್ಟರು.

"ಹಿರುತ್. ರೋಲ್ ನಂಬರ್ ಇಪ್ಪತ್ತಮೂರು," ಎಂದರು ಇಂಗ್ಲಿಷಿನಲ್ಲಿ.

"ಇಪ್ಪತ್ತೆರಡು ನನ್ನ ಅಣ್ಣ. ದಾವಿತ್," ಎಂದಳು ಅವಳು.

ಮೇಷ್ಟ್ರು ತಲೆ ತಗ್ಗಿಸಿದರು. ಹೆಣ ಸಿಗದ ನಾಲ್ವರಲ್ಲಿ ದಾವಿತ್ ಒಬ್ಬ.

"ನೀವು ಕ್ಷಮೆ ಕೇಳಲಿ ಅಂತ ನಾನು ಬಂದಿಲ್ಲ," ಎಂದಳು. "ಒಂದು ಪ್ರಶ್ನೆ ಇದೆ. ಆ ದಿನ ಮೆರವಣಿಗೆಗೆ ನಾನೂ ಹೋಗಿದ್ದೆ. ಅಣ್ಣನ ಪಕ್ಕದಲ್ಲೇ ಇದ್ದೆ. ಅವನನ್ನು ಎಳೆದುಕೊಂಡು ಹೋದವರು ನನ್ನನ್ನು ಮುಟ್ಟಲಿಲ್ಲ. ನಿನ್ನ ಹೆಸರು ಲಿಸ್ಟಿನಲ್ಲಿಲ್ಲ ಅಂದರು. ಯಾಕೆ?"

ಮೇಷ್ಟ್ರು ಕುರ್ಚಿಯನ್ನು ಅವಳ ಕಡೆ ಎಳೆದಿಟ್ಟರು.

"ಇಪ್ಪತ್ತೊಂದು ವರ್ಷ!" ಅವಳ ದನಿ ಏರಿತು. "ನಮ್ಮ ಜನ ನನ್ನ ಹತ್ತಿರ ಕೂರುವುದಿಲ್ಲ. ಚರ್ಚಿನಲ್ಲಿ ನನ್ನ ಪಕ್ಕದ ಜಾಗ ಯಾವಾಗಲೂ ಖಾಲಿ. ಅಣ್ಣನನ್ನೇ ಹಿಡಿದುಕೊಟ್ಟವಳು ಅನ್ನುತ್ತಾರೆ. ನನ್ನ ತಾಯಿಯೂ ಅದನ್ನೇ ನಂಬಿಕೊಂಡು ಸತ್ತಳು. ಹೇಳಿ ಸರ್... ನನ್ನನ್ನು ಯಾಕೆ ಉಳಿಸಿದಿರಿ?"

ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ನಿನ್ನನ್ನಾದರೂ ಉಳಿಸೋಣ ಅಂತ ಹಾಗೆ ಮಾಡಿದೆ ಮಗಳೇ, ಅನ್ನಬಹುದಿತ್ತು. ಅವರೂ ಸ್ವಲ್ಪ ದೊಡ್ಡವರಾಗುತ್ತಿದ್ದರು. ನಾನು ಮನಸ್ಸಿನಲ್ಲೇ, ಹೇಳ್ರಿ ಸರ, ಅಂತಿದ್ದೆ.

"ಉಳಿಸಲಿಲ್ಲ," ಎಂದರು. "ಕೈತಪ್ಪು."

"ಏನು?"

"ಇಪ್ಪತ್ತನಾಲ್ಕನೆಯ ಹುಡುಗಿ ಬಂದಿದ್ದಳು. ಅವಳ ಹಾಜರಿ ಗುರುತು ಕಣ್ತಪ್ಪಿ ನಿನ್ನ ಸಾಲಿಗೆ ಬಿತ್ತು. ಸಂಜೆ ಗೊತ್ತಾಯಿತು. ಅವಳಿಗೂ ಹಾಕಿದೆ. ನಿನ್ನದನ್ನು ನಾಳೆ ತಿದ್ದೋಣ ಅಂತ ಬಿಟ್ಟೆ. ಬೆಳಿಗ್ಗೆ ಗಿರ್ಮಾ ಬಂದ."

ನನ್ನ ಮೂಗು ಮಾತ್ರ ಸುಯ್‌ಗುಟ್ಟುತ್ತಿತ್ತು.

ಹಿರುತ್ ಕುರ್ಚಿಯ ಮೇಲೆ ಕುಸಿದಳು. ಅಳುತ್ತಾಳೆ ಅಂದುಕೊಂಡೆ. ನಗಲು ಶುರುಮಾಡಿದಳು! ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಮೈಯೆಲ್ಲ ಕುಲುಕಿಸಿ ನಕ್ಕಳು. ಆಮೇಲೆ ಸ್ಕಾರ್ಫ್ ಬಿಚ್ಚಿ ಕಣ್ಣು ಒರೆಸಿಕೊಂಡಳು.

"ಅಷ್ಟೇನಾ?"

"ಅಷ್ಟೇ."

"ಹಾಗಾದರೆ ಅದನ್ನು ಬರೆದುಕೊಡಿ. ಸಹಿ ಹಾಕಿ, ತಾರೀಖು ಹಾಕಿ. ನಾನು ಯಾರನ್ನೂ ಹಿಡಿದುಕೊಡಲಿಲ್ಲ, ನೀವು ತಪ್ಪು ಮಾಡಿದಿರಿ ಅಂತ."

ಮೇಷ್ಟ್ರು ಬರೆದುಕೊಟ್ಟರು. ಎರಡು ಪ್ರತಿ. ದುಂಡಗಿನ ಅಕ್ಷರ. ಅವಳು ಮಡಿಚಿ ಬ್ಯಾಗಿಗೆ ಹಾಕಿಕೊಂಡಳು. ಕಾಫಿ ಕೊಟ್ಟರು. ಕುಡಿಯಲಿಲ್ಲ. ಕೈ ಮುಂದೆ ಮಾಡಿದರು. ಹಿಡಿಯಲಿಲ್ಲ. ಬಾಗಿಲ ಹತ್ತಿರ ನಿಂತು ಒಂದೇ ಮಾತು ಹೇಳಿದಳು.

"ಸತ್ತವರಿಗೂ ದಿನಾ ಹಾಜರಿ ಹಾಕಿದಿರಂತೆ. ವೀರಣ್ಣ ಹೇಳಿದರು. ಅದರಿಂದ ಯಾರಿಗೂ ಏನೂ ಆಗಲಿಲ್ಲ, ಸರ್."

"ಗೊತ್ತು," ಎಂದರು ಮೇಷ್ಟ್ರು.

ಅವಳು ಮತ್ತೆ ಆ ಮನೆಗೆ ಹೋಗಲಿಲ್ಲ.

ಗಿರ್ಮಾಗೆ ಗನ್ ಇಟ್ಟುಕೊಂಡು ಗುಂಡು ಹಾರಿಸಿದ್ದಕ್ಕೆ ಏಳು ವರ್ಷ ಜೈಲು ಆಯಿತು. ಹನ್ನೊಂದು ಮಕ್ಕಳ ವಿಷಯ ಇಲ್ಲಿಯ ಕೋರ್ಟಿನಲ್ಲಿ ಯಾರೂ ಎತ್ತಲಿಲ್ಲ. ಆದರೆ ಪುಸ್ತಕದ ಪ್ರತಿ ಆಡಿಸ್ ಅಬಾಬಾಕ್ಕೆ ಹೋಯಿತು. ಹಳೆಯ ಸೈನಿಕ ಸರ್ಕಾರದವರ ಮೇಲೆ ಅಲ್ಲಿ ವಿಚಾರಣೆ ನಡೆಯುತ್ತಿತ್ತು. ಎರಡು ಸಾವಿರನೇ ಇಸವಿಯಲ್ಲಿ ಮೇಷ್ಟ್ರಿಗೆ ಕಾಗದ ಬಂತು. ಬಂದು ಸಾಕ್ಷಿ ಹೇಳಿ ಅಂತ.

ಹೋಗಬೇಡಿ ಅಂದೆ. ಎಪ್ಪತ್ತಮೂರು ವಯಸ್ಸು, ಎದೆಗೆ ಮಾತ್ರೆ... ಜೊತೆಗೆ ಅಲ್ಲಿಯವರು ನಿಮ್ಮನ್ನೇ ಹಿಡಿದು ಒಳಗೆ ಹಾಕಿದರೆ?

"ಹಾಕ್ಲಿ," ಎಂದರು. "ಕೇಳೋರು ಇದಾರಲ್ಲ, ಅಷ್ಟು ಸಾಕು."

ಹೀಥ್ರೋಗೆ ನಾನೇ ಬಿಟ್ಟುಬಂದೆ. ಹದಿನೈದು ದಿನದ ಮೇಲೆ ಕರೆದುಕೊಂಡು ಬರಲು ಹೋದವನೂ ನಾನೇ. ಅವರಿಗಾಗಿ ಅಲ್ಲಿ ಇನ್ಯಾರು ನಿಂತಿರುತ್ತಾರೆ? ನನಗೂ ಕಾಯಲು ಬೇರೆ ಯಾರಿದ್ದರು?

ಟ್ರಾಲಿ ತಳ್ಳಿಕೊಂಡು ಬಂದರು. ಇನ್ನೂ ಸಣ್ಣಗಾಗಿದ್ದರು.

"ಏನಾತ್ರಿ ಸರ?"

"ಜಡ್ಜ್ ಪುಸ್ತಕ ನೋಡಿದ್ರು. ಬಹಳ ಹೊತ್ತು ನೋಡಿದ್ರು. ನೀವು ಸಾಕ್ಷಿಯೋ, ಆರೋಪಿಯೋ ಅಂತ ಕೇಳಿದ್ರು."

"ನೀವು ಏನಂದ್ರಿ?"

"ಅದನ್ನ ನೀವೇ ಹೇಳಬೇಕು, ಅದಕ್ಕೇ ಇಷ್ಟು ದೂರ ಬಂದೆ ಅಂದೆ."

"ಆಮ್ಯಾಲೆ?"

"ಆರು ತಿಂಗಳು ಬಿಟ್ಟು ಬನ್ನಿ ಅಂದ್ರು."

ಟ್ರಾಲಿ ತೆಗೆದುಕೊಂಡು ಕಾರ್ ಪಾರ್ಕಿನ ಕಡೆ ತಳ್ಳಿದೆ. ಅಮೆರಿಕ, ರಷ್ಯಾ ಅಂತ ಐವತ್ತು ವರ್ಷ ಈ ಭೂಮಿಯನ್ನು ಹರಿದು ಹಂಚಿಕೊಂಡರು... ಮುಂದಿನ ವಾಯಿದೆಗೆ ಬನ್ನಿ ಅನ್ನುವುದರಲ್ಲಿ ಮಾತ್ರ ಜಗತ್ತಿಗೆ ಎಂದೂ ಎರಡು ಬಣ ಇರಲಿಲ್ಲ!